ಹಸಿರನ್ನು ಬಿಟ್ಟುಕೊಟ್ಟ ಎಲೆ

ಎಲೆಗೆ ಮರ್ಯಾದೆ ಕೊಡುವುದು ಕನ್ನಡ ನಾಡಿಗೆ ಹೊಸದಲ್ಲ. ಪೂಜೆಯ ತಟ್ಟೆಯಲ್ಲಿ ಹೂವಿನಷ್ಟೇ ಪತ್ರೆಗೂ ಜಾಗವಿದೆ. ಶಿವನಿಗೆ ಬಿಲ್ವ ಬೇಕು, ವಿಷ್ಣುವಿಗೆ ತುಳಸಿ ಬೇಕು. ಹಬ್ಬದ ಬಾಗಿಲಿಗೆ ಮಾವಿನ ತೋರಣ, ಊಟಕ್ಕೆ ಬಾಳೆಲೆ, ಊಟವಾದ ಮೇಲೆ ವೀಳ್ಯದೆಲೆ, ಮುಡಿಯುವ ದಂಡೆಯಲ್ಲಿ ಕನಕಾಂಬರದ ನಡುನಡುವೆ ಮರುಗ ಮತ್ತು ದವನ. ಆದರೆ ಈ ಎಲೆಗಳೆಲ್ಲ ಆದರ ಪಡೆದದ್ದು ಕಂಪಿಗಾಗಿ, ಪಾವಿತ್ರ್ಯಕ್ಕಾಗಿ, ಇಲ್ಲವೆ ಉಪಯೋಗಕ್ಕಾಗಿ. ಬಣ್ಣವೊಂದನ್ನೇ ನೋಡಿ, ಎಲೆಗಾಗಿಯೇ ಗಿಡವನ್ನು ಸಾಕುವ ರೂಢಿ ಇಲ್ಲಿನ ಅಂಗಳಗಳಿಗೆ ತಡವಾಗಿ ಬಂದದ್ದು. ಬಂದ ಮೇಲೆ ಅದು ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ, ಕರಾವಳಿಯ ಹೆಂಚಿನ ಮನೆಯ ಮುಂದೆ, ಮಲೆನಾಡಿನ ತೋಟದ ದಾರಿಯಲ್ಲಿ, ಬೆಂಗಳೂರಿನ ಹಳೆಯ ಬಡಾವಣೆಗಳ ಗೇಟಿನ ಪಕ್ಕದಲ್ಲಿ ಕ್ರೋಟನ್ ಗಿಡವಿಲ್ಲದ ಮನೆಯನ್ನು ಹುಡುಕಿಯೇ ತೆಗೆಯಬೇಕು. ಹಳದಿ, ಕೆಂಪು, ಕಿತ್ತಳೆ, ಕಪ್ಪಿಗೆ ತಿರುಗಿದ ನೇರಳೆ ಬಣ್ಣಗಳನ್ನು ಒಂದೇ ಗಿಡದಲ್ಲಿ ತೋರಿಸುವ ಈ ಪೊದೆಯನ್ನು ಎಲ್ಲರೂ ಬಲ್ಲರು. ಆದರೆ ಅದರ ಬಣ್ಣ ಎಂದರೇನು, ಆ ಬಣ್ಣಕ್ಕಾಗಿ ಗಿಡ ತೆರುವ ಬೆಲೆ ಏನು ಎಂಬುದನ್ನು ಬಲ್ಲವರು ಕಡಿಮೆ. ಕ್ರೋಟನ್ನಿನ ಆರೈಕೆಯ ಬಹುಪಾಲು ನಿಯಮಗಳು ಈ ಒಂದು ತಿಳಿವಳಿಕೆಯಿಂದಲೇ ಹುಟ್ಟುತ್ತವೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಿಡಿಸಬೇಕು, ಏಕೆಂದರೆ ಕ್ರೋಟನ್ ಎಂದು ಕರೆಸಿಕೊಳ್ಳುವ ಈ ಗಿಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕ್ರೋಟನ್ ಅಲ್ಲ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಉಣ್ಣೆ, ಅಂದರೆ ದನಕರುಗಳ ಮೈಗೆ ಕಚ್ಚಿಕೊಳ್ಳುವ ರಕ್ತ ಹೀರುವ ಹುಳು ಎಂದರ್ಥ. ಹೊಟ್ಟೆ ತುಂಬ ರಕ್ತ ಕುಡಿದು ಉಬ್ಬಿದ ಉಣ್ಣೆಯನ್ನೂ ಹೊಳಪಿನ ಹರಳು ಬೀಜವನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಹರಳಿನ ಬಂಧುಗಳಿಗೆ ಈ ಹೆಸರು ಬಂದ ಬಗೆ ತಾನಾಗಿ ಹೊಳೆಯುತ್ತದೆ. ನಿಜವಾದ ಕ್ರೋಟನ್ ಕುಲದ ಒಂದು ಗಿಡ ಕನ್ನಡಿಗರಿಗೆ ಬೇರೆ ಹೆಸರಿನಿಂದ ಪರಿಚಿತವಾಗಿದೆ: ನಾಟಿ ವೈದ್ಯರು ಕಡು ಭೇದಿ ಮಾಡಿಸಲು ಬಳಸುತ್ತಿದ್ದ, ಅಳತೆ ತಪ್ಪಿದರೆ ಪ್ರಾಣಕ್ಕೇ ಎರವಾಗುವ ಜಾಪಾಳವೇ ಅದು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಬಣ್ಣದೆಲೆಯ ಗಿಡವನ್ನೂ ಅದೇ ಕುಲಕ್ಕೆ ಸೇರಿಸಿದನು. ಮುಂದೆ 1824ರಲ್ಲಿ ಫ್ರಾನ್ಸಿನ ಆದ್ರಿಯೆನ್ ದ ಜುಸ್ಸಿಯು ಅದನ್ನು ಕೋಡಿಯಂ ಎಂಬ ಬೇರೆ ಕುಲವಾಗಿ ಬೇರ್ಪಡಿಸಿದನು. ಶಾಸ್ತ್ರದಲ್ಲಿ ಹೆಸರು ಬದಲಾದರೂ ತೋಟಗಾರರ ನಾಲಗೆಯಲ್ಲಿ ಹಳೆಯದೇ ಉಳಿದುಕೊಂಡಿತು, ಮತ್ತು ಈ ಬರಹದಲ್ಲಿಯೂ ಅದೇ ಉಳಿಯುತ್ತದೆ. ಕುಲ ಬೇರೆಯಾದರೂ ಎರಡೂ ಹರಳಿನ ಕುಟುಂಬಕ್ಕೇ ಸೇರಿದವು. ಕಳ್ಳಿ, ಮರಗೆಣಸು, ರಬ್ಬರ್ ಈ ದೊಡ್ಡ ಮನೆತನದ ಇತರ ಸದಸ್ಯರು. ಕಡ್ಡಿ ಮುರಿದ ಕೂಡಲೇ ಸೊನೆ ಒಸರುವ ಗುಣ ಕ್ರೋಟನ್ನಿಗೆ ಈ ಮನೆತನದಿಂದಲೇ ಬಂದಿದೆ.

ಕೋಡಿಯಂ ಎಂಬ ಹೆಸರಿಗೂ ಒಂದು ಊರಿದೆ. ಇಂದಿನ ಇಂಡೋನೇಷ್ಯಾದ ಪೂರ್ವಭಾಗದಲ್ಲಿ, ಒಂದು ಕಾಲಕ್ಕೆ ಲವಂಗ ಮತ್ತು ಜಾಯಿಕಾಯಿಗಾಗಿ ಯುರೋಪಿನ ಹಡಗುಗಳು ಹೊಡೆದಾಡಿದ ಮಲುಕು ದ್ವೀಪಗಳಿವೆ. ಅವುಗಳಲ್ಲೊಂದಾದ ತೆರ್ನಾತೆಯ ಜನ ಈ ಗಿಡಕ್ಕೆ ಇಟ್ಟಿದ್ದ ಕೋಡಿಹೊ ಎಂಬ ಹೆಸರೇ ಲ್ಯಾಟಿನ್ ರೂಪ ತಾಳಿ ಕೋಡಿಯಂ ಆಯಿತು. ಅದನ್ನು ಮೊದಲು ಬರೆದಿಟ್ಟವನು ಜರ್ಮನಿಯಲ್ಲಿ ಹುಟ್ಟಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಆಂಬೊನ್ ದ್ವೀಪದಲ್ಲಿ ಬದುಕು ಸವೆಸಿದ ರುಂಫಿಯಸ್. 1670ರಲ್ಲಿ ಅವನ ಕಣ್ಣು ಹೋಯಿತು, 1674ರ ಭೂಕಂಪದಲ್ಲಿ ಹೆಂಡತಿಯೂ ಮಗಳೂ ತೀರಿಕೊಂಡರು, 1687ರ ಬೆಂಕಿಯಲ್ಲಿ ಅವನ ಸಸ್ಯಗ್ರಂಥದ ಚಿತ್ರಗಳು ಸುಟ್ಟುಹೋದವು, ಅವನ್ನು ಮತ್ತೆ ಬರೆಸಿ ಯುರೋಪಿಗೆ ಕಳುಹಿಸಿದಾಗ 1692ರಲ್ಲಿ ಹಸ್ತಪ್ರತಿ ಹೊತ್ತ ಹಡಗು ಮುಳುಗಿತು. ನಕಲು ಪ್ರತಿಯೊಂದನ್ನು ಉಳಿಸಿಕೊಂಡಿದ್ದ ಕಾರಣ ಮಾತ್ರ ಆ ಗ್ರಂಥ ಉಳಿದು, ಅವನು ಸತ್ತು ಸುಮಾರು ನಾಲ್ಕು ದಶಕಗಳಾದ ಬಳಿಕ 1741ರಿಂದ ಅಚ್ಚಾಗತೊಡಗಿತು. ಪಶ್ಚಿಮ ಕರಾವಳಿಯ ಸಸ್ಯಗಳನ್ನು ಕುರಿತ ಹೊರ್ತುಸ್ ಮಲಬಾರಿಕುಸ್ ಎಂಬ ಮಹಾಗ್ರಂಥವೂ ಅದೇ ಕಂಪನಿಯ ಆಶ್ರಯದಲ್ಲಿ, ಅದೇ ಕಾಲದಲ್ಲಿ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರ ನೆರವಿನಿಂದ ಸಿದ್ಧವಾಗುತ್ತಿತ್ತು ಎಂಬುದನ್ನು ನೆನೆದರೆ, ಬಣ್ಣದ ಎಲೆಯ ದಾಖಲೆಯ ಹಿಂದೆಯೂ ಹೆಸರು ಉಳಿಯದ ಎಷ್ಟೋ ಸ್ಥಳೀಯರ ತಿಳಿವಳಿಕೆ ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಮಲೇಷ್ಯಾ, ಇಂಡೋನೇಷ್ಯಾಗಳಿಂದ ಹಿಡಿದು ನ್ಯೂಗಿನಿ, ಆಸ್ಟ್ರೇಲಿಯಾದ ಈಶಾನ್ಯ ಮೂಲೆ, ಪಶ್ಚಿಮ ಪೆಸಿಫಿಕ್ ದ್ವೀಪಗಳವರೆಗೆ ಹರಡಿರುವ ಈ ಗಿಡದ ಕಾಡುರೂಪದಲ್ಲಿ ಇಂದಿನ ವೈಭವವಿಲ್ಲ. ಕಾಡಿನಲ್ಲಿ ಅದು ಹತ್ತಡಿಯವರೆಗೆ ಬೆಳೆಯಬಲ್ಲ, ಹೆಚ್ಚಾಗಿ ಹಸಿರೆಲೆಯ ಪೊದೆ. ಬಣ್ಣ ಕಂಡ ಕಡ್ಡಿಯನ್ನು ಆರಿಸಿ ಅಂಗಳಕ್ಕೆ ತಂದು ಉಳಿಸಿಕೊಂಡವರು ಆ ದ್ವೀಪಗಳ ಜನರೇ. ಜಾವಾದಲ್ಲಿ ಪುರಿಂಗ್ ಎಂದು ಕರೆಸಿಕೊಳ್ಳುವ ಇದನ್ನು ಸಮಾಧಿಗಳ ಬಳಿ ನೆಡುವ ವಾಡಿಕೆ ಇದೆ. ಅದೇ ಸೀಮೆಯ ಇನ್ನೊಂದು ಬಣ್ಣದೆಲೆಯ ಪೊದೆಯಾದ ಕಾರ್ಡಿಲೈನ್ ಪಪುವಾ ನ್ಯೂಗಿನಿಯಲ್ಲಿ ಜಮೀನಿನ ಗಡಿ ಗುರುತಾಗಿದೆ; ಅಲ್ಲಿ ಕೆಂಪೆಲೆಯ ಆ ಗಿಡ ನಿಂತಿರುವ ಕಡೆ ಒಬ್ಬರ ಹೊಲ ಮುಗಿದು ಇನ್ನೊಬ್ಬರದು ಶುರುವಾಗುತ್ತದೆ. ಅಲಂಕಾರ ಎಂಬ ಒಂದೇ ಪದದಲ್ಲಿ ಈ ಗಿಡಗಳನ್ನು ಕಟ್ಟಿಹಾಕುವುದು ಸರಿಯಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಯುರೋಪ್ ಈ ಗಿಡವನ್ನು ಹುಚ್ಚಿನಂತೆ ಹಚ್ಚಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮತ್ತು ಅದಕ್ಕೆ ಮೊದಲು ಅಲ್ಲಿ ಎರಡು ಬದಲಾವಣೆಗಳು ಆಗಬೇಕಾಗಿತ್ತು. ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್, ಗಾಜಿನಿಂದ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡ ಬಿಟ್ಟ ಆವಿಯೇ ಮತ್ತೆ ಹನಿಯಾಗಿ ಮಣ್ಣಿಗೆ ಇಳಿಯುವುದರಿಂದ ತಿಂಗಳುಗಟ್ಟಲೆ ನೀರೆರೆಯದೆಯೂ ಅದು ಬದುಕುತ್ತದೆ ಎಂದು ಕಂಡುಕೊಂಡು, 1833ರಲ್ಲಿ ಅಂಥ ಪೆಟ್ಟಿಗೆಗಳನ್ನು ಸಿಡ್ನಿಗೆ ಕಳುಹಿಸಿ ಪರೀಕ್ಷಿಸಿದನು. ಉಪ್ಪುಗಾಳಿಗೆ ಸಾಯದೆ ಗಿಡಗಳು ಸಾಗರ ದಾಟುವುದು ಆಮೇಲೆ ಸುಲಭವಾಯಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿದಾಗ ಗಾಜಿನ ಮನೆ ಕಟ್ಟುವುದು ಅಗ್ಗವಾಯಿತು. ಲಂಡನ್ನಿನ ಪ್ರಸಿದ್ಧ ನರ್ಸರಿ ಮನೆತನದ ಜಾನ್ ಗೌಲ್ಡ್ ವೀಚ್ 1864ರಲ್ಲಿ ಆಸ್ಟ್ರೇಲಿಯಾ ಮತ್ತು ದಕ್ಷಿಣ ಸಮುದ್ರದ ದ್ವೀಪಗಳ ಕಡೆಗೆ ಹೊರಟು, ಕ್ರೋಟನ್ನಿನ ಹಲವು ಬಗೆಗಳನ್ನು ತಂದನು. ಕ್ಷಯರೋಗದಿಂದ 1870ರಲ್ಲಿ, ಮೂವತ್ತೊಂದರ ಹರೆಯದಲ್ಲಿಯೇ ತೀರಿಕೊಂಡ ಆ ಯುವಕನ ಮನೆತನದ ಹೆಸರನ್ನು ಒಂದು ಬಗೆಯ ಕ್ರೋಟನ್ ಹೊತ್ತುಕೊಂಡಿತು. ಹಿಮ ಬೀಳುವ ನಾಡಿನಲ್ಲಿ ಈ ಗಿಡಗಳಿಗೆ ಕಲ್ಲಿದ್ದಲು ಸುಟ್ಟು ಕಾಯಿಸಿದ ಕೋಣೆಗಳು ಬೇಕಾಗಿದ್ದವು. ಆ ಕೋಣೆಗೆ ಅಲ್ಲಿನ ತೋಟಗಾರರು ಒಲೆ ಎಂದೇ ಹೆಸರಿಟ್ಟು, ಅದರೊಳಗಿನ ಗಿಡಗಳನ್ನು ಒಲೆಯ ಗಿಡಗಳು ಎಂದು ಕರೆದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ನೋಟಕ್ಕೆ ಆ ಪರಂಪರೆಯದೇ ಆದರೂ ಅದಕ್ಕೆ ಒಲೆ ಬೇಕಾಗಲಿಲ್ಲ. ಲಂಡನ್ನಿನ ಸಿರಿವಂತ ಹಣ ಸುರಿದು ಗಾಜಿನೊಳಗೆ ಕಾಪಾಡಿದ ಗಿಡವನ್ನು ಇಲ್ಲಿ ಯಾರು ಬೇಕಾದರೂ ಬಯಲಿನಲ್ಲಿ, ಪಕ್ಕದ ಮನೆಯಿಂದ ಕೇಳಿ ತಂದ ಒಂದು ಕಡ್ಡಿಯಿಂದ ಬೆಳೆಸಬಹುದು. ಹೀಗೆ ಸುಲಭವಾಗಿ ಸಿಕ್ಕಿದ್ದರಿಂದಲೋ ಏನೋ, ಅದಕ್ಕೆ ಇಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ.

ಗಮನ ಕೊಟ್ಟು ನೋಡಬೇಕಾದದ್ದು ಒಂದೇ ಒಂದು ರೆಂಬೆಯನ್ನು, ತುದಿಯಿಂದ ಬುಡದ ಕಡೆಗೆ. ನರ್ಸರಿಗಳಲ್ಲಿ ಎಲ್ಲೆಲ್ಲೂ ಸಿಗುವ, ಅಗಲ ಎಲೆಯ ಪೆಟ್ರಾ ಎಂಬ ತಳಿಯನ್ನು ತೆಗೆದುಕೊಂಡರೆ, ತುದಿಯ ಎಳೆಯ ಎಲೆ ತಿಳಿ ಹಸಿರಾಗಿದ್ದು, ಅದರ ನಡುನರ ಮತ್ತು ಅಡ್ಡನರಗಳು ಮಾತ್ರ ನಿಂಬೆಯ ಹಳದಿಯಲ್ಲಿ ಗೀಟೆಳೆದಂತೆ ಕಾಣುತ್ತವೆ. ನಾಲ್ಕೈದು ಎಲೆ ಕೆಳಗಿಳಿದರೆ ಆ ಹಳದಿ ಕಿತ್ತಳೆಗೆ ತಿರುಗಿರುತ್ತದೆ, ನರಗಳ ನಡುವಿನ ಹಸಿರು ಗಾಢವಾಗಿರುತ್ತದೆ. ಇನ್ನೂ ಕೆಳಗೆ ನರಗಳು ಕೆಂಪಾಗಿ, ಹಸಿರು ಭಾಗ ಕಪ್ಪಿನತ್ತ ವಾಲಿ, ಬುಡದ ಹಳೆಯ ಎಲೆಯಲ್ಲಿ ಎರಡೂ ಬೆರೆತು ಹಣ್ಣಾದ ಜಂಬುನೇರಳೆಯ ಬಣ್ಣವೇ ಉಳಿಯುತ್ತದೆ. ಬೇರೆ ಗಿಡಗಳಲ್ಲಿ ಚಿಗುರು ಕೆಂಪಾಗಿದ್ದು ಬಲಿತಂತೆ ಹಸಿರಾಗುವುದು ಸಾಮಾನ್ಯ. ಮಾವಿನ ಚಿಗುರು, ಅಶ್ವತ್ಥದ ಚಿಗುರು ಇದಕ್ಕೆ ಸಾಕ್ಷಿ. ಕ್ರೋಟನ್ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ, ಮತ್ತು ವಯಸ್ಸಾದಷ್ಟೂ ಬಣ್ಣ ಏರುವ ಎಲೆ ಎಂಬುದೇ ಅದರ ಅಪರೂಪದ ಸೊಗಸು. ಆಕಾರದಲ್ಲಿಯೂ ಅಷ್ಟೇ ವೈವಿಧ್ಯವಿದೆ: ಅಂಗೈಯಷ್ಟು ಅಗಲದವು, ಹುಲ್ಲಿನಂತೆ ಸಪೂರವಾದವು, ಮೂರು ಹಾಲೆಗಳಾಗಿ ಸೀಳಿದವು, ಹಸಿರೆಲೆಯ ಮೇಲೆ ಅರಿಸಿನ ಚಿಮುಕಿಸಿದಂತೆ ಚುಕ್ಕೆ ಬಿದ್ದವು, ರಿಬ್ಬನ್ ತಿರುಚಿದಂತೆ ಸುರುಳಿ ಸುತ್ತಿದವು. ಇವೆಲ್ಲವನ್ನೂ ಮೀರಿಸುವ ವಿಚಿತ್ರವೆಂದರೆ, ಎಲೆಯ ಹಾಳೆ ಅರ್ಧಕ್ಕೇ ನಿಂತು, ಅಲ್ಲಿಂದ ಮುಂದೆ ನಡುನರ ಮಾತ್ರ ಬರಿಯ ದಾರದಂತೆ ಒಂದೆರಡು ಅಂಗುಲ ಸಾಗಿ, ಅದರ ತುದಿಯಲ್ಲಿ ಮತ್ತೊಂದು ಪುಟ್ಟ ಎಲೆ ತೂಗುವ ಬಗೆ; ಗಾಳಿ ಬೀಸಿದಾಗ ಆ ತುದಿಯೆಲೆ ಕಿವಿಯ ಲೋಲಾಕಿನಂತೆ ಅಲ್ಲಾಡುತ್ತದೆ.

ಈ ಬಣ್ಣಗಳ ಹಿಂದೆ ಮೂರು ಬಗೆಯ ವರ್ಣದ್ರವ್ಯಗಳಿವೆ. ಮೊದಲನೆಯದು ಪತ್ರಹರಿತು, ಬಿಸಿಲನ್ನು ಹಿಡಿದು, ನೀರು ಮತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಸಿ ಸಕ್ಕರೆ ಮಾಡುವ ಕೆಲಸಕ್ಕೆ, ಅಂದರೆ ದ್ಯುತಿಸಂಶ್ಲೇಷಣೆಗೆ, ಇದೇ ಆಧಾರ, ಎಲೆಗೆ ಹಸಿರು ಬರುವುದೂ ಇದರಿಂದಲೇ. ಎರಡನೆಯದು ಕ್ಯಾರೊಟಿನಾಯ್ಡ್, ಅಂದರೆ ಗಜ್ಜರಿ ಮತ್ತು ಚೆಂಡುಹೂವಿಗೆ ಬಣ್ಣ ಕೊಡುವ ಹಳದಿ, ಕಿತ್ತಳೆ ದ್ರವ್ಯಗಳ ಗುಂಪು. ಇದು ಎಲ್ಲ ಹಸಿರೆಲೆಗಳಲ್ಲಿಯೂ ಇರುತ್ತದೆ, ಆದರೆ ಪತ್ರಹರಿತು ಮೇಲುಗೈ ಆಗಿರುವವರೆಗೆ ಕಾಣಿಸಿಕೊಳ್ಳುವುದಿಲ್ಲ. ಮೂರನೆಯದು ಆಂಥೋಸಯಾನಿನ್, ನೇರಳೆ ಹಣ್ಣಿನಲ್ಲಿಯೂ ಇರುವ, ನೀರಿನಲ್ಲಿ ಕರಗುವ ಕೆಂಪು, ನೇರಳೆ ಬಣ್ಣ. ಹೆಚ್ಚು ಬೆಳಕು ಬಿದ್ದ ಎಲೆಯಲ್ಲಿ ಇದು ಹೆಚ್ಚಾಗಿ ಕೂಡಿಕೊಳ್ಳುತ್ತದೆ, ಮತ್ತು ಮಿತಿಮೀರಿದ ಬೆಳಕಿನಿಂದ ಎಲೆಯ ಒಳಗಿನ ಯಂತ್ರವನ್ನು ಕಾಯುವ ಪರದೆಯಂತೆ ಕೆಲಸ ಮಾಡುತ್ತದೆ ಎಂಬುದು ಇದರ ಬಗೆಗಿನ ಒಂದು ಮುಖ್ಯ ವಿವರಣೆ. ಹಾಗಾಗಿ ಕ್ರೋಟನ್ ಎಲೆಯ ಹಳದಿ ಎಂದರೆ ಪತ್ರಹರಿತು ಹಿಂದೆ ಸರಿದ ಜಾಗ, ಕೆಂಪು ಎಂದರೆ ಇನ್ನೊಂದು ಬಣ್ಣ ಬಂದು ಕವಿದ ಜಾಗ, ಕಪ್ಪು ಎಂದರೆ ಹಸಿರೂ ಕೆಂಪೂ ಒಂದರ ಮೇಲೊಂದು ಕೂತ ಜಾಗ. ಹಳದಿ ಹೆಚ್ಚಾದಷ್ಟೂ ಅಡುಗೆ ಮಾಡುವ ಒಲೆಗಳು ಕಡಿಮೆಯಾದಂತೆ. ಸಮಾನ ಅಗಲದ ಹಸಿರೆಲೆ ಗಳಿಸುವಷ್ಟು ಸಕ್ಕರೆಯನ್ನು ಅರ್ಧ ಹಳದಿಯಾದ ಎಲೆ ಗಳಿಸಲಾರದು. ಕಾಡಿನಲ್ಲಿ ಬೆಳಕಿಗಾಗಿ ಗಿಡಗಳು ಪೈಪೋಟಿ ನಡೆಸುವ ಕಡೆ ಅಂಥ ಗಿಡ ಬಹುಕಾಲ ನಿಲ್ಲುವುದು ಕಷ್ಟ. ಮನುಷ್ಯನ ಕೈ ಹಿಡಿದುಕೊಂಡ ಕಾರಣಕ್ಕೆ ಅದು ನಿಂತಿದೆ, ಆದ್ದರಿಂದ ಅದರ ಕೊರತೆಯನ್ನು ತುಂಬಿಕೊಡುವ ಹೊಣೆಯೂ ಆ ಕೈಯದೇ.

ಆ ಹೊಣೆಯಲ್ಲಿ ಮೊದಲನೆಯದು ಬೆಳಕು. ಬೆಳಗಿನ ನಾಲ್ಕೈದು ಗಂಟೆಗಳ ನೇರ ಬಿಸಿಲು ಬೀಳುವ ಜಾಗ ಕ್ರೋಟನ್ನಿಗೆ ಒಗ್ಗುತ್ತದೆ. ಬಯಲುಸೀಮೆಯ ಏಪ್ರಿಲ್ ತಿಂಗಳ ನಡುಹಗಲಿನ ಉರಿ ಮಾತ್ರ ಅಗಲ ಎಲೆಯ ತಳಿಗಳ ಅಂಚನ್ನು ಸುಡಬಹುದು. ಬೆಳಕು ಸಾಲದ ಕಡೆ ಇಟ್ಟ ಗಿಡದ ಹೊಸ ಎಲೆಗಳು ಬರಬರುತ್ತಾ ಹಸಿರಾಗತೊಡಗುತ್ತವೆ. ಇದನ್ನು ಗಿಡ ಕೆಟ್ಟಿತೆಂದೋ ನರ್ಸರಿಯವರು ಮೋಸ ಮಾಡಿದರೆಂದೋ ತಿಳಿಯುವವರು ಬಹಳ. ವಾಸ್ತವದಲ್ಲಿ ಗಿಡ ಸಿಕ್ಕಿದ ಅಲ್ಪ ಬೆಳಕಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಬಣ್ಣವನ್ನು ಬದಿಗಿಟ್ಟು ಮತ್ತೆ ಪತ್ರಹರಿತಿನ ಮೊರೆ ಹೋಗಿರುತ್ತದೆ. ಕಚೇರಿಗಳ ಒಳಗೆ, ಬ್ಯಾಂಕುಗಳ ಮೂಲೆಯಲ್ಲಿ, ಮದುವೆ ಮಂಟಪಗಳ ಮೆಟ್ಟಿಲ ಕೆಳಗೆ ಕಿಟಕಿಯಿಂದ ದೂರ ಇಟ್ಟ ಕುಂಡಗಳಲ್ಲಿ ಕ್ರೋಟನ್ ನಿಧಾನವಾಗಿ ಹಸಿದು ಸಾಯುತ್ತದೆ, ಸತ್ತ ಮೇಲೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಬಿಸಿಲು ಬಯಸುವ ಜೀವವೊಂದನ್ನು ತಿಂಗಳೊಪ್ಪತ್ತಿನ ಅಲಂಕಾರದ ಸಾಮಾನಾಗಿ ಬಳಸುವ ಈ ಪದ್ಧತಿ ಸರಿಯಲ್ಲ; ಮಬ್ಬಿನಲ್ಲೂ ಬಾಳುವ ಗಿಡಗಳು ಬೇಕಾದಷ್ಟಿರುವಾಗ ಅದಕ್ಕೆ ಸಮರ್ಥನೆಯೂ ಇಲ್ಲ.

ಹೊಸದಾಗಿ ತಂದ ಕ್ರೋಟನ್ ವಾರದೊಳಗೆ ಎಲೆಗಳನ್ನೆಲ್ಲ ಉದುರಿಸಿ ಬೋಳಾಗುವುದು ಇನ್ನೊಂದು ಸಾಮಾನ್ಯ ದೂರು. ಎಲೆತೊಟ್ಟು ಕಾಂಡಕ್ಕೆ ಸೇರುವ ಕಡೆ ತೆಳುಗೋಡೆಯ ಜೀವಕೋಶಗಳ ಒಂದು ಪದರವಿರುತ್ತದೆ. ಜಾಗ, ಬೆಳಕು, ಗಾಳಿಯ ತೇವ ಒಮ್ಮೆಲೇ ಬದಲಾದಾಗ ಗಿಡದೊಳಗೆ ಎಥಿಲೀನ್ ಎಂಬ ಅನಿಲ ಹೆಚ್ಚಿ, ಆ ಪದರದ ಕೋಶಗಳು ಒಂದರಿಂದೊಂದು ಬಿಟ್ಟುಕೊಂಡು, ಎಲೆ ತನ್ನ ಭಾರಕ್ಕೇ ಕಳಚಿ ಬೀಳುತ್ತದೆ. ನೀರಿನ ನಷ್ಟವನ್ನು ತಡೆಯಲು ಗಿಡ ಮಾಡಿಕೊಳ್ಳುವ ಈ ಏರ್ಪಾಡನ್ನು ಸಾವು ಎಂದು ಎಣಿಸಬೇಕಿಲ್ಲ. ಕಾಂಡದ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಾಗ ಒಳಗೆ ಹಸಿ ಹಸಿರು ಕಂಡರೆ ಜೀವವಿದೆ ಎಂದೇ ಅರ್ಥ, ಜಾಗ ಬದಲಿಸದೆ, ಅತಿಯಾಗಿ ನೀರೆರೆಯದೆ ಕಾದರೆ ಕೆಲವೇ ವಾರಗಳಲ್ಲಿ ಕಣ್ಣುಗಳು ಒಡೆಯುತ್ತವೆ. ಕಂದು ಬಣ್ಣ ಕಂಡು, ತೊಗಟೆ ಒಣಗಿ ಸುಕ್ಕಾಗಿದ್ದರೆ ಆಸೆ ಬಿಡಬೇಕು. ಹಸಿರು ಬಲೆಯ ನೆರಳಿನಲ್ಲಿ ಬೆಳೆದ ಗಿಡವನ್ನು ತಂದ ದಿನವೇ ಬಿಸಿಲಿಗೆ ಒಡ್ಡದೆ, ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಹೊರಗೆ ಸರಿಸುವುದರಿಂದ ಈ ಉದುರುವಿಕೆ ಬಹಳ ಮಟ್ಟಿಗೆ ತಪ್ಪುತ್ತದೆ.

ಮಣ್ಣಿನ ವಿಷಯದಲ್ಲಿ ಕ್ರೋಟನ್ ಹಟಮಾರಿಯಲ್ಲ. ನೀರು ನಿಲ್ಲಬಾರದು ಎಂಬುದೊಂದೇ ಅದರ ಕಟ್ಟುನಿಟ್ಟು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಸೇರಿಸಿದ ಹಳೆಯ ಮಿಶ್ರಣ ಇಂದಿಗೂ ಸಾಕು. ಕುಂಡದ ತಳದ ತೂತಿನ ಮೇಲೆ ಬೋಕಿಯ ಚೂರೊಂದನ್ನು ಬೋರಲಾಗಿ ಇಡುವ ರೂಢಿಯೂ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಬೆರಳನ್ನು ಅಂಗುಲದಷ್ಟು ಮಣ್ಣಿಗೆ ತೂರಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ನೀರು ಹಾಕಬೇಕು. ಗಡಸು ಕೊಳವೆಬಾವಿಯ ನೀರನ್ನೇ ವರ್ಷಗಟ್ಟಲೆ ಎರೆದರೆ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಬೇರಿಗೆ ದಕ್ಕದೆ, ಎಳೆಯ ಎಲೆಗಳ ನರಗಳು ಹಸಿರಾಗಿಯೇ ಉಳಿದು ನಡುವಿನ ಹಾಳೆ ಪೇಲವ ಹಳದಿಯಾಗುತ್ತದೆ. ಮೇಲೆ ವಿವರಿಸಿದ ಪೆಟ್ರಾದಲ್ಲಿ ಇದಕ್ಕೆ ವಿರುದ್ಧವಾಗಿ ನರ ಹಳದಿ, ನಡುವಿನ ಹಾಳೆ ಹಸಿರು, ಹೀಗಾಗಿ ರೋಗದ ಹಳದಿಯನ್ನೂ ಸೊಗಸಿನ ಹಳದಿಯನ್ನೂ ಕಣ್ಣಳತೆಯಲ್ಲೇ ಬೇರ್ಪಡಿಸಬಹುದು. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಸುರಿಯುವುದು ತಪ್ಪು, ಏಕೆಂದರೆ ಸಾರಜನಕ ಹಸಿರನ್ನು ಉಬ್ಬಿಸುತ್ತದೆ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ, 10ಕ್ಕಿಂತ ಕೆಳಗೆ ಎಲೆ ಹಾಳಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ತೇವ ತುಂಬಿದ ಗಾಳಿ ಇದರ ತವರಿನ ಹವೆಗೆ ತೀರ ಹತ್ತಿರ; ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದು ಮಂಕಾಗಿ ಕೂತರೂ ಯುಗಾದಿಯ ಹೊತ್ತಿಗೆ ಚೇತರಿಸಿಕೊಳ್ಳುತ್ತದೆ; ಉತ್ತರ ಕರ್ನಾಟಕದ ಒಣಗಾಳಿಯಲ್ಲಿ ಪೂರ್ವದ ಬಿಸಿಲು ಮತ್ತು ಮಧ್ಯಾಹ್ನದ ನೆರಳು ಸಿಗುವ ಗೋಡೆಯ ಮರೆ ಬೇಕು.

ಕೀಟಗಳ ಕಾಟ ಹೆಚ್ಚುವುದು ಬೇಸಿಗೆಯಲ್ಲಿ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ರಸ ಹೀರಿದಾಗ ಬಣ್ಣದ ಮೇಲೆ ಧೂಳು ಕೂತಂತೆ ಮಂಕು ಕವಿಯುತ್ತದೆ, ಬೆಳಕಿಗೆ ಹಿಡಿದರೆ ಸೂಕ್ಷ್ಮ ಬಲೆ ಕಾಣುತ್ತದೆ; ಎಲೆಯ ಎರಡೂ ಬದಿಗೆ ರಭಸವಾಗಿ ನೀರು ಚಿಮುಕಿಸುವುದೇ ಇದಕ್ಕೆ ಮೊದಲ ಮದ್ದು. ಎಲೆತೊಟ್ಟಿನ ಕಂಕುಳಲ್ಲಿ ಹತ್ತಿಯ ಉಂಡೆಯಂತೆ ಕೂರುವ ಹಿಟ್ಟು ತಿಗಣೆಯನ್ನು ಇರುವೆಗಳ ಸಾಲೇ ತೋರಿಸಿಕೊಡುತ್ತದೆ, ಏಕೆಂದರೆ ತಿಗಣೆ ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಟ್ಟಿಯ ಹಸುವಿನಂತೆ ಕಾಯುತ್ತವೆ. ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ ಮತ್ತು ತುಸು ಸಾಬೂನು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ಇರುವೆಯ ದಾರಿಯನ್ನೂ ತಡೆದರೆ ಹತೋಟಿಗೆ ಬರುತ್ತದೆ. ಹರಳಿನ ಬೆಳೆಗೆ ಬೀಳುವ, ಬೆನ್ನನ್ನು ಕಮಾನಿನಂತೆ ಎತ್ತಿ ನಡೆಯುವ ಹುಳು ಕೆಲವೊಮ್ಮೆ ಕ್ರೋಟನ್ನಿಗೂ ಬಂದು ರಾತ್ರೋರಾತ್ರಿ ಎಲೆ ಬರಿದು ಮಾಡುತ್ತದೆ. ಸಸ್ಯಶಾಸ್ತ್ರಜ್ಞರು ಹೂವಿನ ರಚನೆ ನೋಡಿ ಕಂಡುಕೊಂಡ ಬಂಧುತ್ವವನ್ನು ಹುಳು ನಾಲಗೆಯಿಂದಲೇ ಅರಿತಿದೆ. ಮನುಷ್ಯರಿಗೂ ದನಗಳಿಗೂ ಈ ಗಿಡ ತಿನ್ನುವ ವಸ್ತುವಲ್ಲ. ತೊಗಟೆ, ಬೇರು, ಎಲೆ, ಸೊನೆ ಎಲ್ಲವೂ ವಿಷಕಾರಿ. ಬಾಯಿಗೆ ಹೋದರೆ ಉರಿಯುತ್ತದೆ, ಸೊನೆ ಪದೇಪದೇ ತಗುಲಿದರೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ, ಬಟ್ಟೆಯ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಸವರುವಾಗ ಕೈಗವಸು ಹಾಕಿಕೊಳ್ಳುವುದು, ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕುಂಡವನ್ನು ಎತ್ತರದಲ್ಲಿಡುವುದು ಕ್ಷೇಮ.

ಬಣ್ಣದೆಲೆಯ ಪೊದೆಗಳಲ್ಲಿ ಕ್ರೋಟನ್ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ತಾಮ್ರದ ಬಣ್ಣದ ಅಗಲ ಎಲೆಯ ಅಕಾಲಿಫಾ ಹಿತ್ತಿಲ ಕುಪ್ಪಿಗಿಡದ ಸೋದರ. 1838ರಿಂದ 1842ರವರೆಗೆ ಅಮೆರಿಕದ ಸಾಗರ ಶೋಧಯಾತ್ರೆಯನ್ನು ಮುನ್ನಡೆಸಿದ ಚಾರ್ಲ್ಸ್ ವಿಲ್ಕ್ಸ್‌ನ ಹೆಸರು ಅದಕ್ಕಿದೆ. ಬೇಲಿಯಾಗಿ ಬೆಳೆಸಲು ಕ್ರೋಟನ್ನಿಗಿಂತ ಅದೇ ಮೇಲು, ಏಕೆಂದರೆ ಅದು ಬೇಗ ಬೆಳೆಯುತ್ತದೆ, ಕತ್ತರಿಗೆ ಅಂಜುವುದಿಲ್ಲ. ಕಾರ್ಡಿಲೈನ್ ನರ್ಸರಿಗಳಲ್ಲಿ ಹೆಚ್ಚಾಗಿ ಡ್ರೆಸೀನಾ ಎಂದೇ ಮಾರಾಟವಾಗುತ್ತದೆ. ಎರಡನ್ನೂ ಕುಂಡದಿಂದ ಎತ್ತಿ ಬೇರನ್ನು ಗೀರಿ ನೋಡಿದರೆ ಕಾರ್ಡಿಲೈನಿನದು ಬಿಳಿ, ಡ್ರೆಸೀನಾದ್ದು ಹಳದಿ ಇಲ್ಲವೆ ಕಿತ್ತಳೆ.

ಗಿಡವನ್ನು ಹೆಚ್ಚಿಸುವ ಬಗೆಗೆ ಬಂದರೆ, ಕ್ರೋಟನ್ ಬೆಳೆಯುವವರ ನಿಜವಾದ ಕುಶಲತೆ ಇರುವುದೇ ಇಲ್ಲಿ. ಮಳೆಗಾಲದ ಮೊದಲ ವಾರಗಳಲ್ಲಿ ಗೇಣುದ್ದಕ್ಕಿಂತ ಕಡಿಮೆಯ ತುದಿಕಡ್ಡಿಯನ್ನು ಕತ್ತರಿಸಿ, ಒಸರುವ ಸೊನೆಯನ್ನು ನೀರಿನಲ್ಲಿ ತೊಳೆದು, ಮೇಲಿನ ಮೂರು ನಾಲ್ಕು ಎಲೆಗಳನ್ನಷ್ಟೇ ಉಳಿಸಿ, ತೇವದ ಮರಳಿನಲ್ಲಿ ನೆರಳಿನಡಿ ನೆಡುವುದು ಸುಲಭದ ದಾರಿ. ಆದರೆ ದೊಡ್ಡ ಗಿಡ ಬೇಗ ಬೇಕಾದರೆ, ಅಥವಾ ಅಪರೂಪದ ತಳಿಯ ಒಂದೇ ರೆಂಬೆಯನ್ನು ಕಳೆದುಕೊಳ್ಳಬಾರದೆಂದಿದ್ದರೆ, ಗೂಟಿ ಕಟ್ಟುವುದೇ ವಿಶ್ವಾಸದ ವಿಧಾನ. ಹೆಬ್ಬೆರಳಿಗಿಂತ ತುಸು ಸಪೂರವಾದ, ಬಲಿತ ರೆಂಬೆಯನ್ನು ಆರಿಸಿ, ಎಲೆಗಂಟಿನ ಕೆಳಗೆ ಒಂದು ಅಂಗುಲ ಅಂತರದಲ್ಲಿ ಎರಡು ಸುತ್ತು ಗೀರು ಹಾಕಿ, ನಡುವಿನ ತೊಗಟೆಯನ್ನು ಬಳೆ ತೆಗೆದಂತೆ ಪೂರ್ತಿ ಬಿಡಿಸಬೇಕು. ಒಳಗಿನ ಬಿಳಿ ಕಟ್ಟಿಗೆಗೆ ಪೆಟ್ಟಾಗಬಾರದು, ಅದರ ಮೇಲಿನ ಜಾರುವ ಪದರವನ್ನು ಮಾತ್ರ ಕತ್ತಿಯ ಬೆನ್ನಿನಿಂದ ಒರೆಸಿ ತೆಗೆಯಬೇಕು, ಇಲ್ಲವಾದರೆ ಅದು ಮತ್ತೆ ತೊಗಟೆಯನ್ನು ಬೆಸೆದುಬಿಡುತ್ತದೆ. ಆ ಭಾಗಕ್ಕೆ ನೆನೆಸಿ ಹಿಂಡಿದ ಪಾಚಿಯನ್ನು ಮುಷ್ಟಿಯಷ್ಟು ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿಗಳನ್ನು ದಾರದಿಂದ ಬಿಗಿಯಬೇಕು.

ಇದು ಫಲಿಸುವುದರ ಕಾರಣ ಸರಳವಾಗಿದೆ. ನೀರು ಕಾಂಡದ ಒಳಗಿನ ಕಟ್ಟಿಗೆಯ ಮೂಲಕ ಮೇಲೇರುತ್ತದೆ, ಎಲೆ ತಯಾರಿಸಿದ ಸಕ್ಕರೆ ಮತ್ತು ಕುಡಿಯಿಂದ ಇಳಿಯುವ ಬೆಳವಣಿಗೆಯ ಚೋದಕಗಳು ತೊಗಟೆಯ ಮೂಲಕ ಕೆಳಗೆ ಹರಿಯುತ್ತವೆ. ಬಳೆಯಷ್ಟು ತೊಗಟೆ ತೆಗೆದಾಗ ಏರುವ ದಾರಿ ತೆರೆದೇ ಇರುತ್ತದೆ, ಆದ್ದರಿಂದ ರೆಂಬೆ ಬಾಡುವುದಿಲ್ಲ. ಇಳಿಯುವ ದಾರಿ ಕಡಿದುಹೋದ್ದರಿಂದ ಸಕ್ಕರೆ ಮತ್ತು ಚೋದಕ ಗೀರಿನ ಮೇಲಂಚಿನಲ್ಲಿ ಒಡ್ಡು ಕಟ್ಟಿದ ನೀರಿನಂತೆ ಕೂಡುತ್ತವೆ, ಅಲ್ಲಿಯೇ ಒಂದು ದಪ್ಪ ಉಂಗುರ ಊದಿಕೊಂಡು, ಅದರಿಂದ ಬೇರುಗಳು ಒಡೆಯುತ್ತವೆ. ಒಂದೂವರೆ ತಿಂಗಳ ಆಸುಪಾಸಿನಲ್ಲಿ ಪ್ಲಾಸ್ಟಿಕ್ಕಿನ ಒಳಮೈಗೆ ಒತ್ತಿದ ಬಿಳಿಯ ಬೇರುಗಳು ಹೊರಗಿನಿಂದಲೇ ಕಾಣುತ್ತವೆ. ಅವು ಬಿಳಿಯಿಂದ ಕಂದಿಗೆ ತಿರುಗಲು ಬಿಟ್ಟು, ಆಮೇಲೆ ಉಂಡೆಯ ಕೆಳಗೆ ಕತ್ತರಿಸಿ ಕುಂಡಕ್ಕೆ ಇಳಿಸಿದರೆ ಸಾಮಾನ್ಯವಾಗಿ ಗಿಡ ಕೈತಪ್ಪುವುದಿಲ್ಲ.

ಬೀಜದ ಕಥೆ ಬೇರೆ. ಕ್ರೋಟನ್ನಿಗೂ ಹೂವಿದೆ, ಒಂದೇ ಗಿಡದಲ್ಲಿ ಗಂಡು ಹೂಗಳ ಕದಿರು ಬೇರೆ, ಹೆಣ್ಣು ಹೂಗಳ ಕದಿರು ಬೇರೆ, ಗಂಡು ಹೂ ಬಿಳಿ ಕೇಸರಗಳ ಪುಟ್ಟ ಕುಚ್ಚಿನಂತಿದ್ದರೆ ಹೆಣ್ಣು ಹೂವಿಗೆ ದಳಗಳೇ ಇಲ್ಲ, ಕಾಯಿ ಬಟಾಣಿಯ ಗಾತ್ರದ್ದು, ಒಳಗೆ ಹರಳಿನಲ್ಲಿ ಇರುವಂತೆ ಮೂರು ಬೀಜ. ಅನೇಕರು ಈ ಕದಿರನ್ನು ಚಿವುಟಿ ಎಸೆಯುತ್ತಾರೆ. ಬಿತ್ತಿ ನೋಡಿದರೆ, ಮೊದಮೊದಲ ಎಲೆಗಳು ಹೆಚ್ಚಾಗಿ ಬರಿಯ ಹಸಿರಾಗಿ ಬಂದು, ಗಿಡ ಬಲಿತಂತೆ ಬಣ್ಣ ತಲೆದೋರುತ್ತದೆ, ಆದರೆ ಅದು ತಾಯಿಯದಾಗಲಿ ತಂದೆಯದಾಗಲಿ ಆಗಿರುವುದಿಲ್ಲ. ತಲೆಮಾರುಗಳ ಬೆರಕೆಯಿಂದ ಬಂದ ಈ ಗಿಡಗಳಲ್ಲಿ ಒಂದೇ ಕಾಯಿಯ ಮೂರು ಬೀಜಗಳು ಮೂರು ಬಗೆಯಾಗಬಹುದು. ಹೊಸ ತಳಿ ಬರುವ ಇನ್ನೊಂದು ದಾರಿ ರೆಂಬೆಯ ತುದಿಯಲ್ಲಿಯೇ ಇದೆ. ಬೆಳೆಯುವ ಕುಡಿಯ ಯಾವುದೋ ಒಂದು ಜೀವಕೋಶದಲ್ಲಿ ಆನುವಂಶಿಕ ಬದಲಾವಣೆಯಾಗಿ, ಅದರಿಂದ ಹುಟ್ಟಿದ ಕವಲೊಂದು ಗಿಡದ ಉಳಿದ ಭಾಗಕ್ಕಿಂತ ಬೇರೆ ಬಣ್ಣದ, ಬೇರೆ ಆಕಾರದ ಎಲೆ ಬಿಡುವುದು ಕ್ರೋಟನ್ನಿನಲ್ಲಿ ಆಗಾಗ ನಡೆಯುತ್ತದೆ. ಅಂಥ ಕವಲಿಗೆ ಕತ್ತರಿ ಹಾಕದೆ, ದಾರ ಕಟ್ಟಿ ಗುರುತಿಟ್ಟು, ಮಳೆಗಾಲದಲ್ಲಿ ಗೂಟಿ ಕಟ್ಟಿ ಇಳಿಸಬೇಕು. ಹಾಗೆ ಬಂದ ಗಿಡದ ಕಡ್ಡಿಯಿಂದ ಮತ್ತೊಂದು ಗಿಡ ಮಾಡಿ, ಅದರ ಎಲೆಯಲ್ಲಿಯೂ ಅದೇ ಬಣ್ಣ, ಅದೇ ಆಕಾರ ಉಳಿದು ಬಂದಾಗ ಅದು ಹೊಸ ತಳಿ ಎನಿಸಿಕೊಳ್ಳುತ್ತದೆ.